ಪ್ರಪೋಸಲ್ ಕಳಿಸುವ ಮುನ್ನ ಮಗಳಿಗೊಂದು ಕಾಗದ

ಮಾಟುಂಗಾ, ಮುಂಬಯಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ 11 ಪುಟಗಳನ್ನು ಎರಡು ಸಲ ಓದಿದೆ. ಉಡುಪಿ ಹೋಟೆಲುಗಳಲ್ಲಿ ಹಗಲಿಡೀ ಲೋಟ ತೊಳೆದು, ರಾತ್ರಿ ಮುಂಬಯಿಯ ಫೋರ್ಟ್ ಭಾಗದ ಕನ್ನಡ ರಾತ್ರಿಶಾಲೆಗಳಲ್ಲಿ ಬೆಂಚು ಹಿಡಿದು ಕೂತ ಹುಡುಗರ ಚರಿತ್ರೆ ಯಾರಾದರೂ ಬರೆಯಲೇಬೇಕಾದದ್ದು. ನೀನು ಬರೆಯುತ್ತಿದ್ದೀ ಎಂದು ಸಂತೋಷ. ಆದರೆ ಮಗಳೇ, ಈ 11 ಪುಟ ಪುಸ್ತಕದ ಮುನ್ನುಡಿಯಾಯಿತು, ಪುಸ್ತಕ ಒಪ್ಪಿಕೊಳ್ಳಿ ಎಂದು ಪ್ರಕಾಶಕರಿಗೆ ಕಳಿಸುವ ಪ್ರಪೋಸಲ್ ಆಗಲಿಲ್ಲ. ಮುನ್ನುಡಿ ಓದುವವರು ಪುಸ್ತಕ ಕೈಗೆತ್ತಿಕೊಂಡಾಗಿರುತ್ತದೆ. ಪ್ರಪೋಸಲ್ ಓದುವವರು ಇದಕ್ಕೆ ದುಡ್ಡು ಹಾಕಬೇಕೋ ಬೇಡವೋ ಎಂದು ನೋಡುತ್ತಿರುತ್ತಾರೆ. ಸಂಪಾದಕಿಗೆ ಇಷ್ಟವಾದರೂ ಸಾಲದು, ಆಕೆ ಮಾರಾಟ ವಿಭಾಗದವರ ಮುಂದೆ ಕೂತು ಅವರನ್ನು ಒಪ್ಪಿಸಬೇಕು. ಆ ಕೋಣೆಯಲ್ಲಿ ನೀನಿರುವುದಿಲ್ಲ. ಅಲ್ಲಿ ಆಕೆ ಆಡಬೇಕಾದ ಮಾತುಗಳನ್ನು ನೀನು ಮೊದಲೇ ಬರೆದುಕೊಡಬೇಕು.

ಕಾದಂಬರಿಯಾದರೆ ಪೂರ್ತಿ ಹಸ್ತಪ್ರತಿ ಕೇಳುತ್ತಾರೆ. ಇಂಗ್ಲಿಷಿನಲ್ಲಿ ನಿನ್ನಂಥ ಚರಿತ್ರೆಯ ಪುಸ್ತಕವನ್ನು ಪ್ರಪೋಸಲ್ ಮತ್ತು ಒಂದೆರಡು ಮಾದರಿ ಅಧ್ಯಾಯ ನೋಡಿಯೇ ಒಪ್ಪುವ ರೂಢಿಯಿದೆ. ಎಲ್ಲ ಸೇರಿ 30ರಿಂದ 50 ಪುಟ, 12 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ದುಪ್ಪಟ್ಟು ಅಂತರ.

ಮೊದಲ ಎರಡು ಮೂರು ಪುಟ ಪುಸ್ತಕದ ಪರಿಚಯಕ್ಕೆ. ಮುಂಬಯಿಗೂ ಕನ್ನಡಿಗರಿಗೂ ಇರುವ ನಂಟು ಹಳೆಯದು ಎಂದು ಆರಂಭಿಸಿದ್ದೀಯಲ್ಲ, ಆ ಸಾಲು ತೆಗೆ. ಆಮೇಲೆ ಮೊಗವೀರ ವ್ಯವಸ್ಥಾಪಕ ಮಂಡಳಿ 1902, ಮೈಸೂರು ಅಸೋಸಿಯೇಶನ್ 1926, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942 ಎಂದು ಇಸವಿಗಳನ್ನು ಸಾಲಾಗಿ ನಿಲ್ಲಿಸಿದ್ದೀ. ಇಸವಿ ಗೂಟ ಮಾತ್ರ, ಹಗ್ಗ ಎಲ್ಲಿದೆ? ಊರು ಬಿಟ್ಟು ಬಂದ ಹುಡುಗನಿಗೆ ಊಟ, ಮಲಗಲು ಜಾಗ, ಅಕ್ಷರ, ಇವನ್ನೆಲ್ಲ ಕೊಟ್ಟದ್ದು ಸರಕಾರವೋ ಜಾತಿಸಂಘವೋ ಹೋಟೆಲಿನ ಯಜಮಾನನೋ? ಯಾಕೆ ಕೊಟ್ಟರು, ಬದಲಿಗೆ ಏನು ಪಡೆದರು? ಇದು ನಿನ್ನ ಪುಸ್ತಕದ ಪ್ರಶ್ನೆ. ಮೊದಲ ಪುಟದಲ್ಲೇ ಅದು ಕಾಣಬೇಕು, ನಿನ್ನ ಉತ್ತರವೂ ಕಾಣಬೇಕು. ಉತ್ತರ ಮುಚ್ಚಿಟ್ಟರೆ ಕುತೂಹಲ ಹುಟ್ಟುತ್ತದೆ ಎಂದುಕೊಳ್ಳಬೇಡ. ಉತ್ತರ ಇನ್ನೂ ಸಿಕ್ಕಿಲ್ಲ ಎಂದೇ ಅವರು ತಿಳಿಯುತ್ತಾರೆ.

ಅತಿ ಹೆಚ್ಚು ಎಡವುವುದು ಅಧ್ಯಾಯಗಳ ಸಾರಾಂಶದಲ್ಲಿ, ನೀನೂ ಅಲ್ಲೇ ಎಡವಿದ್ದೀ. ‘ಈ ಅಧ್ಯಾಯವು ವಲಸೆಯ ನಾನಾ ಮುಖಗಳನ್ನು ಪರಿಶೀಲಿಸುತ್ತದೆ’ ಎಂದರೆ ಓದಿದವರ ಕೈಗೆ ಏನೂ ಹತ್ತುವುದಿಲ್ಲ. ಏನಾಯಿತು, ಎಲ್ಲಿ, ಯಾರಿಗೆ, ಅದರಿಂದ ನೀನು ಏನು ಹೇಳುತ್ತಿದ್ದೀ, ಯಾವ ದಾಖಲೆಯ ಆಧಾರದ ಮೇಲೆ: ಇಷ್ಟನ್ನು ಪ್ರತಿ ಅಧ್ಯಾಯಕ್ಕೂ 200ರಿಂದ 300 ಪದಗಳಲ್ಲಿ ಬರೆ. ಶಾಲೆಯ ಹಾಜರಿ ಪುಸ್ತಕ ಸಿಕ್ಕಿದ್ದರೆ ಸಿಕ್ಕಿದೆ ಎನ್ನು. ಸಿಗದಿದ್ದರೆ ಎಲ್ಲಿ ಹುಡುಕುವೆ ಎಂದು ಹೇಳು. ನಿನ್ನ ಮೊದಲ ಮೂರು ಅಧ್ಯಾಯ ಮೈದುಂಬಿವೆ, ಎಂಟರಿಂದ ಹನ್ನೆರಡು ಬರೀ ಎರಡೆರಡು ಸಾಲು. ಸಂಶೋಧನೆ ಅಲ್ಲಿಯವರೆಗೆ ತಲುಪಿಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಇನ್ನೊಂದು ಪರೀಕ್ಷೆ ಮಾಡು. ಹನ್ನೆರಡು ಸಾರಾಂಶಗಳನ್ನು ಬೇರೆ ಬೇರೆ ಹಾಳೆಯಲ್ಲಿ ಬರೆದು ಇಸ್ಪೀಟಿನಂತೆ ಕಲಸು. ಯಾವ ಕ್ರಮದಲ್ಲಿಟ್ಟರೂ ನಡೆಯುತ್ತದೆ ಎನಿಸಿದರೆ ನಿನ್ನ ಹತ್ತಿರ ಇರುವುದು ಪ್ರಬಂಧಗಳ ಕಟ್ಟು. ಒಂದು ಅಧ್ಯಾಯ ಮುಗಿದ ಕಡೆ ಇನ್ನೊಂದು ಹುಟ್ಟುವಂತೆ ಜೋಡಿಸುವವರೆಗೂ ಬೇರೆ ಕೆಲಸಕ್ಕೆ ಕೈಹಾಕಬೇಡ.

‘ಇಂಥ ಪುಸ್ತಕ ಇದುವರೆಗೆ ಬಂದಿಲ್ಲ’ ಎಂಬ ಸಾಲನ್ನೂ ಹೊಡೆದುಹಾಕು. ಅದನ್ನು ಓದಿದ ಪ್ರಕಾಶಕರಿಗೆ, ಓದುಗರೇ ಇಲ್ಲದ ಕಾರಣ ಬಂದಿಲ್ಲವೇನೋ ಎನಿಸುತ್ತದೆ. ಒಂದು ಮಧ್ಯಾಹ್ನ ಫ್ಲೋರಾ ಫೌಂಟನ್ ಬಳಿಯ ಕಿತಾಬ್ ಖಾನಾ ಪುಸ್ತಕದಂಗಡಿಗೆ ಹೋಗಿ ನಿನ್ನ ಪುಸ್ತಕ ಯಾವ ಕಪಾಟಿನಲ್ಲಿ ಕೂರುತ್ತದೆ ಎಂದು ನೋಡು. ನಗರಚರಿತ್ರೆಯೋ, ಆಹಾರವೋ, ವಲಸೆಯೋ? ಕಳೆದ ಐದು ವರ್ಷಗಳಲ್ಲಿ ಬಂದ ನಾಲ್ಕೈದು ಪುಸ್ತಕ ಆರಿಸಿ, ಯಾವುದರಲ್ಲಿ ನಿನ್ನದು ಅದರ ನೆಂಟ, ಎಲ್ಲಿ ದಾರಿ ಬೇರೆಯಾಗುತ್ತದೆ ಎಂದು ಮೂರು ಮೂರು ವಾಕ್ಯ ಬರೆ. ಲಕ್ಷಗಟ್ಟಲೆ ಮಾರಾಟವಾದದ್ದರ ಜೊತೆ ಹೋಲಿಸಿಕೊಳ್ಳಬೇಡ, ಯಾವುದನ್ನೂ ಹಳಿಯಲೂ ಬೇಡ. ಅದರ ಸಂಪಾದಕಿಯೇ ನಿನ್ನ ಪ್ರಪೋಸಲ್ ಓದುತ್ತಿರಬಹುದು. ಹಾಗೆಯೇ ಆ ಪುಸ್ತಕಗಳ ಕೃತಜ್ಞತೆಯ ಪುಟ ಓದು. ಲೇಖಕರು ತಮ್ಮ ಪರವಾಗಿ ಪ್ರಕಾಶಕರ ಹತ್ತಿರ ಮಾತಾಡುವ ಏಜೆಂಟರನ್ನೂ ಸಂಪಾದಕರನ್ನೂ ಅಲ್ಲಿ ನೆನೆದಿರುತ್ತಾರೆ. ಯಾರಿಗೆ ಕಳಿಸಬೇಕು ಎಂಬ ನಿನ್ನ ಪಟ್ಟಿ ಅಲ್ಲಿಂದಲೇ ಆಗುತ್ತದೆ.

ಓದುಗರು ಯಾರು ಎಂಬಲ್ಲಿ ಜನಗಣತಿಯ ಕನ್ನಡಿಗರ ಸಂಖ್ಯೆ ಹಾಕಿದ್ದೀ. ಮನೆಯಲ್ಲಿ ಕನ್ನಡ ಮಾತಾಡುವವರೆಲ್ಲ ಇಂಗ್ಲಿಷ್ ಪುಸ್ತಕ ಕೊಳ್ಳುವವರಲ್ಲ. ನಿನ್ನ ಕೈಗೆ ಎಟುಕುವವರನ್ನು ಹೆಸರಿಸು: ಸಭೆ ಏರ್ಪಡಿಸಬಲ್ಲ ಸಂಘಗಳು, ವಲಸೆಯ ಬಗ್ಗೆ ಪಾಠ ಮಾಡುವ ವಿಭಾಗಗಳು, ನೀನು ಈಗಾಗಲೇ ಬರೆಯುವ ಪತ್ರಿಕೆಗಳು. ನಿನ್ನ ಪರಿಚಯದಲ್ಲಿ ಡಿಗ್ರಿಗಿಂತ ಮೊದಲು ತುಳು, ಕನ್ನಡ, ಮರಾಠಿ ಮೂರೂ ಬರುತ್ತವೆ ಎಂಬುದು ಬರಲಿ. ಈ ಪುಸ್ತಕಕ್ಕೆ ನೀನೇ ಬೇಕು ಎನ್ನಲು ಅದಕ್ಕಿಂತ ದೊಡ್ಡ ಕಾರಣವಿಲ್ಲ.

ಮಾದರಿ ಅಧ್ಯಾಯಕ್ಕೆ ಪೀಠಿಕೆ ಬೇಡ, ರಾತ್ರಿಶಾಲೆಯ ಅಧ್ಯಾಯ ಕಳಿಸು. ಒಟ್ಟು ಎಷ್ಟು ಪದ (70,000 ಸಾಕು), ಎಷ್ಟು ಚಿತ್ರ, ಯಾವ ತಿಂಗಳು ಹಸ್ತಪ್ರತಿ ಕೊಡುತ್ತೀ ಎಂದು ಕೊನೆಗೆ ಬರೆ. ಚಿತ್ರಗಳ ಅನುಮತಿಯನ್ನು ಬರಹದಲ್ಲೇ ತೆಗೆದುಕೋ. ಆಲ್ಬಮ್ ಅವರ ಮನೆಯದಾದರೂ ಹಕ್ಕು ಸ್ಟುಡಿಯೋದವರದ್ದಿರಬಹುದು.

ಜೊತೆಗಿಡುವ ಕಾಗದ ಒಂದೇ ಪುಟ. ಐದಾರು ಜನಕ್ಕೆ ಕಳಿಸಿ ಎರಡು ತಿಂಗಳು ಕಾಯಿ. ಎಲ್ಲರೂ ಸುಮ್ಮನಿದ್ದರೆ ಮುಂದಿನ ಐದು ಜನಕ್ಕೆ ಕಳಿಸುವ ಮೊದಲು ಕಾಗದವನ್ನೂ ಪುಸ್ತಕದ ಪರಿಚಯವನ್ನೂ ತಿದ್ದು. ಏಜೆಂಟರ ಪಾಲು ಸಾಮಾನ್ಯವಾಗಿ ನಿನಗೆ ಬರುವ ಹಣದ ಶೇ. 15, ವಿದೇಶಿ ಹಕ್ಕಿಗೆ ಶೇ. 20. ಓದಲಿಕ್ಕೇ ಶುಲ್ಕ ಕೇಳಿದರೆ ಅಲ್ಲಿಗೇ ಬಿಡು.

ಕರಾರು ಬಂದಾಗ ಆತುರದಲ್ಲಿ ಸಹಿ ಹಾಕಬೇಡ. ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ ಹಕ್ಕು ಕೊಡುತ್ತಿದ್ದೀ ಎಂಬುದು ಸ್ಪಷ್ಟವಾಗಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ, ಹಕ್ಕು ವರ್ಗಾಯಿಸುವಾಗ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಅರ್ಥ. ಬೇರೆ ಏನನ್ನು ಬಿಟ್ಟುಕೊಟ್ಟರೂ ಕನ್ನಡ ಅನುವಾದದ ಹಕ್ಕನ್ನು ನಿನ್ನ ಹತ್ತಿರವೇ ಇಟ್ಟುಕೋ. ಆ ಹುಡುಗರ ಮೊಮ್ಮಕ್ಕಳು ಊರಿನಲ್ಲಿ ಓದುವುದು ಕನ್ನಡದಲ್ಲಿ.

ಎಂಟರಿಂದ ಹನ್ನೆರಡರವರೆಗಿನ ಸಾರಾಂಶ ಮೊದಲು ಬರೆದು ಭಾನುವಾರದೊಳಗೆ ಕಳಿಸು. ಇಸ್ಪೀಟು ಕಲಸುವ ಕೆಲಸವನ್ನು ಇಲ್ಲೇ ಕೂತು ಮಾಡೋಣ, ಊಟಕ್ಕೆ ಬಾ.

ನಿನ್ನ
ದೊಡ್ಡಮ್ಮ