ಬಾಡಿಗೆ ಕಾರಿನ ಕೌಂಟರಿನಲ್ಲಿದ್ದ ಆ ಮೇಡಂಗೆ

ಅವರ ಹೆಸರು ಕೇಳಲೇ ಇಲ್ಲ, ಅದೇ ಬೇಜಾರು.

ದೇಶದ ಈ ತುದಿಯಿಂದ ಆ ತುದಿಗೆ ಕಾರಿನಲ್ಲಿ ಹೋಗಿ, ಕಾರನ್ನು ಅಲ್ಲೇ ಬಿಟ್ಟು ವಿಮಾನದಲ್ಲಿ ವಾಪಸ್ ಬರುವುದು ನಮ್ಮ ಲೆಕ್ಕ. ಕೌಂಟರಿಗೆ ಹೋದರೆ ಬುಕಿಂಗ್‌ನಲ್ಲಿ ವಾಪಸ್ ಕೊಡುವ ಜಾಗವೂ ಇಲ್ಲಿಯದೇ! ತಪ್ಪು ನನ್ನದೇ, ಸರಿಯಾಗಿ ನೋಡದೆ ಒತ್ತಿಬಿಟ್ಟಿದ್ದೆ. ಬೇರೆ ಊರಲ್ಲಿ ಬಿಟ್ಟರೆ ಕಾರು ವಾಪಸ್ ತರಿಸುವ ಖರ್ಚು ಅಂತ ಒನ್‌-ವೇ ಚಾರ್ಜ್ ಹಾಕುತ್ತಾರಲ್ಲ, ಅದು ಸೇರಿ ಮೊತ್ತ ಹೆಚ್ಚುಕಡಿಮೆ ಎರಡರಷ್ಟಾಯಿತು. ಹಿಂದೆ ಉದ್ದ ಸಾಲು, ಪಕ್ಕದಲ್ಲಿ ಸೂಟ್‌ಕೇಸ್ ಮೇಲೆ ಕೂತ ಅಮ್ಮ. ನನಗೆ ಬೆವರು.

ಆ ಮೇಡಂ ಮುಖ ಸಿಂಡರಿಸಲಿಲ್ಲ. "ಒಂದ್ನಿಮಿಷ ಇರಿ" ಅಂತ ಏನೋ ಹುಡುಕಿ, ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ನಾವು ಹೋಗುವ ಊರಿನ ಬ್ರಾಂಚಿನದೇ ಒಂದು ಕಾರು ಇಲ್ಲಿ ಬಂದು ನಿಂತಿತ್ತು, ಅದನ್ನು ಹೇಗೂ ವಾಪಸ್ ಕಳಿಸಬೇಕು, ಹಾಗಾಗಿ ಆ ಚಾರ್ಜೇ ಇಲ್ಲ. ಅಮ್ಮನ ಮುಖ ನೋಡಬೇಕಿತ್ತು!

ಅಷ್ಟಕ್ಕೇ ಬಿಡಲಿಲ್ಲ. ನನ್ನ ತಮ್ಮನ ಲೈಸೆನ್ಸ್ ಕೇಳಿ, ಅವನ ಹೆಸರನ್ನೂ ಅಗ್ರಿಮೆಂಟಿಗೆ ಸೇರಿಸಿದರು. ಹೆಸರಿಲ್ಲದವರು ಓಡಿಸಿ ಏನಾದರೂ ಆದರೆ ಇನ್ಶೂರೆನ್ಸ್ ಕಷ್ಟವಂತೆ. ಆಮೇಲೆ ಹೊರಗೆ ಬಂದು, ಬಂಪರ್ ಮೇಲಿನ ಹಳೇ ಗೀರಿನ ಹತ್ತಿರ ಬಗ್ಗಿ ಬೆರಳಿಟ್ಟು ತೋರಿಸಿ, "ಇದರ ಫೋಟೋ ತೆಗೀರಿ, ಪೆಟ್ರೋಲ್ ಮುಳ್ಳಿಂದೂ" ಅಂದರು. ಆ ಬ್ರಾಂಚ್ ಮುಚ್ಚುವ ಹೊತ್ತನ್ನು ಚೀಟಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಕೊಟ್ಟರು.

ಕೊನೇ ದಿನ ಆ ಚೀಟಿ ನೋಡಿಯೇ ಊಟ ಬಿಟ್ಟು ಓಡಿಸಿದೆವು. ಹತ್ತು ನಿಮಿಷ ಮುಂಚೆ ಕೀ ಕೊಟ್ಟೆವು, ಮೇಡಂ. ಥ್ಯಾಂಕ್ಸ್.