ಬೆನ್ನು ನೋಡಿ ಗುರುತು ಹಿಡಿದವರಿಗೆ

ಕಳೆದ ಶುಕ್ರವಾರ ಕಾಸರಗೋಡಿನ ಚಿತ್ರಮಂದಿರದಲ್ಲಿ ಅಮ್ಮನ ಪಕ್ಕ ಕುಳಿತು ನನ್ನ ಸಿನಿಮಾ ನೋಡಿದೆ. ಹನ್ನೊಂದು ವರ್ಷಗಳಿಂದ ಸಿನಿಮಾದ ಸಾಹಸ ಕೆಲಸದಲ್ಲಿದ್ದೇನೆ. ‘ನನ್ನ ಸಿನಿಮಾ’ ಎಂದು ಬರೆಯುವ ಧೈರ್ಯ ಬಂದದ್ದು ಈಗ. ಇದುವರೆಗೆ ತೆರೆಯ ಮೇಲೆ ಹೆಚ್ಚಾಗಿ ಇದ್ದದ್ದು ನನ್ನ ಬೆನ್ನು, ನನ್ನ ಕಾಲು, ಗಾಜು ಒಡೆದು ಹೊರಬೀಳುವ ನನ್ನ ಮೈ. ಮುಖ ಬೇರೆಯವರದು. ಈ ಸಲ ಮುಖವೂ ನನ್ನದು, ಹೆಸರೂ ನನ್ನದು. ಇದನ್ನು ಪ್ರಚಾರಕ್ಕೆಂದು ಬರೆಯುತ್ತಿಲ್ಲ, ಆದ್ದರಿಂದ ಸಿನಿಮಾದ ಹೆಸರು ಇಲ್ಲಿ ಬೇಡ. ಹೇಳಬೇಕಾದ ಋಣ ಬಹಳ ಇದೆ, ಅದನ್ನು ಹೇಳುತ್ತೇನೆ.

ಮೊದಲು ಅಮ್ಮ. ನಾನು ಡ್ಯೂಪ್ ಆಗಿ ದುಡಿದ ಸಿನಿಮಾಗಳನ್ನೆಲ್ಲ ಅಮ್ಮ ನೋಡಿದ್ದಾರೆ. ಯಾವ ಒದೆ ನಾಯಕಿಯದು, ಯಾವ ಜಿಗಿತ ಮಗಳದು ಎಂದು ನಾನು ಹೇಳಿಕೊಟ್ಟದ್ದಿಲ್ಲ. ಆದರೂ ಒಂದು ಸಲವೂ ಅವರು ತಪ್ಪಿದ್ದಿಲ್ಲ. ಹೇಗೆ ತಿಳಿಯುತ್ತದೆ ಎಂದು ಕೇಳಿದ್ದೆ. “ನೀನು ಇಳಿಯುವಾಗ ಎಡಗಾಲಿನ ಬೆರಳು ಮೊದಲು ನೆಲ ಮುಟ್ಟುತ್ತದೆ. ಜಗಲಿಯಿಂದ ಅಂಗಳಕ್ಕೆ ಹಾರುತ್ತಿದ್ದಾಗಲೂ ಹಾಗೆಯೇ” ಎಂದರು. ನನ್ನ ಹೆಸರು ಯಾವ ಟೈಟಲ್ ಕಾರ್ಡಿನಲ್ಲೂ ಇಲ್ಲದ ಕಾಲದಲ್ಲಿ ನನ್ನನ್ನು ಹೆಸರಿಟ್ಟು ಗುರುತಿಸುವ ಒಬ್ಬ ಪ್ರೇಕ್ಷಕಿ ನನಗಿದ್ದರು. ಅದು ಸಣ್ಣ ಮಾತಲ್ಲ.

ಬದಿಯಡ್ಕದ ಕಡೆಯ ಹಳ್ಳಿ ನಮ್ಮದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. 1956ರ ನವೆಂಬರ್ 1ರಂದು ರಾಜ್ಯಗಳ ನಡುವೆ ಎಳೆದ ಗೆರೆಯ ಈಚೆಗೆ, ಕೇರಳಕ್ಕೆ ಬಿದ್ದ ಊರಿನವರಿಗೆ ಇದು ದಿನದ ಬದುಕು. ನನಗೆ ಒಂಬತ್ತು ವರ್ಷವಾದಾಗ ಅಪ್ಪ ಕಳರಿಗೆ, ಎಂದರೆ ಕೇರಳದ ಸಮರಕಲೆ ಕಳರಿಪಯಟ್ಟು ಕಲಿಸುವ ಜಾಗಕ್ಕೆ, ಕರೆದುಕೊಂಡು ಹೋದರು. 42 ಅಡಿ ಉದ್ದ, 21 ಅಡಿ ಅಗಲ, ನೆಲಮಟ್ಟಕ್ಕಿಂತ ತಗ್ಗಾಗಿ ಅಗೆದ ಮಣ್ಣಿನ ಅಂಕಣ. ಪೂರ್ವಕ್ಕೆ ಬಾಗಿಲು, ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂಜೆಯ ಪೀಠ, ಪೂತ್ತರ. ಬಲಗಾಲಿಟ್ಟು ಇಳಿಯಬೇಕು, ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು. ಒದ್ದೆ ಮಣ್ಣಿನ, ಎಳ್ಳೆಣ್ಣೆಯ ಆ ವಾಸನೆ ಈಗಲೂ ನನಗೆ ಬೆಳಗಿನ ವಾಸನೆ.

ಕಳರಿಯ ಗುರುಗಳಾದ ಗುರುಕ್ಕಳರಿಗೆ ಕನ್ನಡ ಬಾರದು. ನನ್ನ ಮಲಯಾಳ ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಮಾತ್ರ. ಅಭ್ಯಾಸದ ಹೊತ್ತಿಗೆ ಅವರು ಲಯಬದ್ಧವಾಗಿ ಹೇಳುವ ಆಜ್ಞೆಗಳಿಗೆ ವಾಯ್ತಾರಿ ಎನ್ನುತ್ತಾರೆ. ಅದನ್ನು ನಾನು ಮನೆಗೆ ಬಂದು ನೋಟ್ ಪುಸ್ತಕದಲ್ಲಿ ಕನ್ನಡ ಲಿಪಿಯಲ್ಲಿ ಬರೆದಿಡುತ್ತಿದ್ದೆ. ‘ವಲತ್ತು’ ಎಂದರೆ ಬಲ, ‘ಇಡತ್ತು’ ಎಂದರೆ ಎಡ, ‘ಅಮರ್ನ್ನು’ ಎಂದರೆ ಅಮರಿ, ನೆಲಕ್ಕೆ ಅಂಟಿದಂತೆ ತಗ್ಗಿ. ಎರಡು ಭಾಷೆಗಳು ಅಕ್ಕತಂಗಿಯರು ಎಂಬುದನ್ನು ನಾನು ಕಲಿತದ್ದು ವ್ಯಾಕರಣದ ತರಗತಿಯಲ್ಲಿ ಅಲ್ಲ, ಸೊಂಟ ಬಗ್ಗಿಸುತ್ತ. ಮೊದಲ ಮೂರು ವರ್ಷ ಮೈ ಪಳಗಿಸುವ ಮೈತಾರಿ ಮಾತ್ರ: ಚುವಡು ಎಂಬ ಹೆಜ್ಜೆಗಳು, ವಡಿವು ಎಂಬ ನಿಲುವುಗಳು, ಕಾಲೆತ್ತುವುದು. ಕೋಲು ಮುಟ್ಟಲು ಬಿಡಲಿಲ್ಲ. ಬಳುಕುವ ಕತ್ತಿ ಉರುಮಿಯಂತೂ ಗೋಡೆಯ ಮೇಲಿನ ಕನಸು. ಮೈಯೆಲ್ಲ ಕಣ್ಣಾಗಬೇಕು ಎಂಬುದು ಕಳರಿಯ ಮಾತು. ನನ್ನ ಮೈ ಕಣ್ಣು ತೆರೆಯುವುದಕ್ಕೆ ಅಷ್ಟು ಸಮಯ ಹಿಡಿಯಿತು, ಅವರು ಅಷ್ಟು ಕಾದರು.

ಹೆಣ್ಣು ಮಗುವಿಗೆ ಇದೆಲ್ಲ ಏಕೆ ಎಂದು ಕೇಳಿದವರಿಗೆ ಗುರುಕ್ಕಳ್ ಉತ್ತರ ಕೇರಳದ ಲಾವಣಿ ವಡಕ್ಕನ್ ಪಾಟ್ಟಿನ ವೀರವನಿತೆ ಉಣ್ಣಿಯಾರ್ಚೆಯ ಕಥೆ ಹೇಳಿ ಕಳಿಸುತ್ತಿದ್ದರು. 2017ರಲ್ಲಿ ವಡಗರದ ಮೀನಾಕ್ಷಿ ಅಮ್ಮನವರಿಗೆ ಪದ್ಮಶ್ರೀ ಬಂತು. ಎಪ್ಪತ್ತು ದಾಟಿದ ಮೇಲೂ ಕಳರಿಗಿಳಿದು ಮಕ್ಕಳಿಗೆ ಕಲಿಸುತ್ತಿದ್ದವರು ಅವರು. ಆ ಸುದ್ದಿ ಕೇಳಿದ ದಿನ ಗುರುಕ್ಕಳ್ ಎಲ್ಲರಿಗೂ ಬೆಲ್ಲ ಹಂಚಿ, ಬೆಂಗಳೂರಿನಲ್ಲಿದ್ದ ನನಗೆ ಫೋನ್ ಮಾಡಿ, “ನಿನ್ನ ಪಾಲು ಎತ್ತಿಟ್ಟಿದ್ದೇನೆ” ಎಂದರು.

ಅಪ್ಪನ ಋಣ ಬೇರೆ ಬಗೆಯದು. ಅವರು ದರ್ಜಿ. ಪೇಟೆಯ ಸಣ್ಣ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು, ಸೀಸನ್ ಬಂದರೆ ಯಕ್ಷಗಾನದ ವೇಷಭೂಷಣ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಆ ಕೆಲಸಕ್ಕೆ ಬರವಿಲ್ಲ. ಹೊಲಿದದ್ದನ್ನು ವೇಷ ಕಟ್ಟುವ ಚೌಕಿಗೆ ತಲುಪಿಸಲು ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ತೆಂಕುತಿಟ್ಟಿನ ವೇಷಧಾರಿಗಳು ಚೆಂಡೆಯ ಪೆಟ್ಟಿಗೆ ದಿಗಿಣ ಹಾರುವುದನ್ನು ನಾನು ನೂರಾರು ರಾತ್ರಿ ನೋಡಿದ್ದೇನೆ. ಕಳರಿಯಲ್ಲಿ ಹೋರಾಟ ಎದುರಿಗಿರುವವನಿಗಾಗಿ. ರಂಗಸ್ಥಳದಲ್ಲಿ ಅದು ನೋಡುವವನಿಗಾಗಿ. ಜಾಕಿ ಚಾನ್ ಬಾಲ್ಯದ ಹತ್ತು ವರ್ಷಗಳನ್ನು ಹಾಂಕಾಂಗಿನ ಪೀಕಿಂಗ್ ಆಪೆರಾ ಶಾಲೆಯಲ್ಲಿ ಕಳೆದವರು ಎಂದು ಮುಂದೆ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಅವರಿಗೂ ಒಂದು ಚೌಕಿ ಇತ್ತು ಎಂದುಕೊಂಡೆ.

ನಾನು ಸಿನಿಮಾಕ್ಕೆ ಬಂದದ್ದು ಬೆಂಗಳೂರಿನ ಒಂದು ಕಳರಿ ಪ್ರದರ್ಶನದಲ್ಲಿ ಫೈಟ್ ಮಾಸ್ಟರ್ ಒಬ್ಬರ ಕಣ್ಣಿಗೆ ಬಿದ್ದು. 1935ರ ‘ಹಂಟರ್‌ವಾಲಿ’ಯಲ್ಲಿಯೇ ನಟಿ ನಾಡಿಯಾ ತಮ್ಮ ಸಾಹಸಗಳನ್ನು ತಾವೇ ಮಾಡಿದ್ದರು. 1975ರ ‘ಶೋಲೆ’ಯಲ್ಲಿ ಹೇಮಾಮಾಲಿನಿಯವರ ಬದಲು ಟಾಂಗಾ ಓಡಿಸಿ ಬಿದ್ದವರು ರೇಷ್ಮಾ ಪಠಾಣ್. ಅಷ್ಟು ಹಿಂದೆಯೇ ದಾರಿ ತೆರೆದಿತ್ತು. ಆದರೂ ನಾನು ಬಂದ ಹೊತ್ತಿಗೆ ನಾಯಕಿಯ ಬದಲಿಗೆ ಹುಡುಗನಿಗೆ ವಿಗ್ ಹಾಕಿ ಹಾರಿಸುವ ರೂಢಿ ಪೂರ್ತಿ ಹೋಗಿರಲಿಲ್ಲ. “ಹುಡುಗಿಯ ಓಟ ಹುಡುಗಿಯೇ ಓಡಲಿ” ಎಂದು ಹಟ ಹಿಡಿದ ಆ ಮಾಸ್ಟರ್‌ಗೆ ನನ್ನ ನಮಸ್ಕಾರ.

ನನಗಿಂತ ಹದಿನೈದು ವರ್ಷ ಹಿರಿಯರಾದ ಫೈಟರ್ ಅಕ್ಕ ಒಬ್ಬರು ನನಗೆ ತಾಗದಂತೆ ಹೊಡೆಯುವುದನ್ನು ಕಲಿಸಿದರು. ಕಳರಿಯಿಂದ ಬಂದವರಿಗೆ ಇದು ಬಹಳ ಕಷ್ಟ. ನಮ್ಮ ಕೈ ಮರ್ಮಸ್ಥಾನ ಹುಡುಕುತ್ತದೆ. ಸಿನಿಮಾದ ಗುದ್ದು ಮೂಗಿನ ಮುಂದೆ ಒಂದು ಗೇಣು ದೂರದಲ್ಲಿ ಹಾದುಹೋಗಬೇಕು; ಕ್ಯಾಮೆರಾ ಎದುರಾಳಿಯ ಹೆಗಲ ಹಿಂದೆ ಇದ್ದರೆ ಆ ಗೇಣು ಕಾಣುವುದಿಲ್ಲ. ಪೆಟ್ಟಿನ ಜೋರು ಹೊಡೆದವರಲ್ಲಿ ಇರುವುದಿಲ್ಲ, ತಿಂದವರ ಕತ್ತು ಸರಿಯಾದ ಕ್ಷಣಕ್ಕೆ ತಿರುಗುವುದರಲ್ಲಿ ಇರುತ್ತದೆ. ಕಳರಿಯ ಹೆಜ್ಜೆ ತಗ್ಗಿನದು, ಕ್ಯಾಮೆರಾಕ್ಕೆ ಎತ್ತರ ಬೇಕು. ಆ ಅಕ್ಕ ತಮ್ಮ ಮುಖವನ್ನೇ ನನ್ನ ಮುಷ್ಟಿಯ ಮುಂದೆ ಇಟ್ಟು ಆರು ತಿಂಗಳು ಕಲಿಸಿದರು. ಎರಡು ಸಲ ಅವರ ತುಟಿ ಒಡೆದಿದೆ. ಎರಡು ಸಲವೂ ನೀರು ಮುಕ್ಕಳಿಸಿ ಬಂದು “ಮತ್ತೊಮ್ಮೆ” ಎಂದರು.

ನಾಯಕಿಯ ಉಡುಪು ತೆಳು, ಬಿಗಿ. ಗಂಡು ಫೈಟರ್‌ಗಳು ಪ್ಯಾಂಟಿನೊಳಗೆ ದಪ್ಪ ಪ್ಯಾಡ್ ಕಟ್ಟಿಕೊಳ್ಳುತ್ತಾರೆ. ನಮಗೆ ಅದಕ್ಕೆ ಜಾಗವೇ ಇರುವುದಿಲ್ಲ. ಅಪ್ಪ ನನ್ನ ಮೊಣಕಾಲು, ಮೊಣಕೈಗಳ ಅಳತೆ ತೆಗೆದು, ಮೈಬಣ್ಣದ ಬಟ್ಟೆಯೊಳಗೆ ತೆಳ್ಳನೆಯ ಫೋಮ್ ಇಟ್ಟು ಹೊಲಿದು ಬಸ್ಸಿನಲ್ಲಿ ಪಾರ್ಸೆಲ್ ಕಳಿಸುತ್ತಿದ್ದರು. ತೆರೆಯ ಮೇಲೆ ಯಾರಿಗೂ ಕಾಣದ ಆ ಹೊಲಿಗೆ ನನ್ನನ್ನು ಎಷ್ಟು ಸಲ ಕಾಪಾಡಿದೆ ಎಂದು ನನಗೆ ಗೊತ್ತು.

2019ರ ಡಿಸೆಂಬರಿನಲ್ಲಿ ಅದೂ ಸಾಲದಾಯಿತು. ಹಗ್ಗದಲ್ಲಿ ಹಾರಿ ಇಳಿಯುವ ಶಾಟ್. ಕೆಳಗೆ ಹಾಸಿದ್ದ ಎರಡು ಮ್ಯಾಟ್‌ಗಳ ನಡುವೆ ಸಂದು ಇತ್ತು. ಎಡ ಪಾದ ಅದರೊಳಗೆ ಸಿಕ್ಕಿಕೊಂಡಿತು, ಮೈ ಬಲಕ್ಕೆ ತಿರುಗಿತು. ಒಳಗಿನಿಂದ ಕಡ್ಡಿ ಮುರಿದ ಸದ್ದು. ತೊಡೆಯ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಎಸಿಎಲ್ ಎಂಬ ಅಸ್ಥಿರಜ್ಜು ಹರಿದಿತ್ತು. ಚಿತ್ರತಂಡ ಮೊದಲ ದಿನದ ಆಸ್ಪತ್ರೆಯ ಖರ್ಚು ಕೊಟ್ಟಿತು, ಆಮೇಲೆ ಫೋನ್ ಎತ್ತಲಿಲ್ಲ. ಅವರ ಮಾತು ಇಷ್ಟು ಸಾಕು.

ನಾನು ನೇರವಾಗಿ ಹೋದದ್ದು ಗುರುಕ್ಕಳರ ಬಳಿ. ಎಷ್ಟೋ ಜನರ ಉಳುಕು, ನೋವನ್ನು ಉಳಿಚ್ಚಿಲ್ ಎಂಬ ಎಣ್ಣೆ ತಿಕ್ಕುವ ಚಿಕಿತ್ಸೆಯಿಂದ ವಾಸಿ ಮಾಡಿದ ಕೈ ಅವರದು. ಮೊಣಕಾಲನ್ನು ಮೆಲ್ಲಗೆ ಮುಂದಕ್ಕೆಳೆದು ನೋಡಿ, “ಇದು ಎಣ್ಣೆಗೆ ಆಗುವ ಕೆಲಸವಲ್ಲ. ಮಂಗಳೂರಿಗೆ ಹೋಗು” ಎಂದರು. ತನ್ನ ವಿದ್ಯೆಯ ಗಡಿ ಎಲ್ಲಿದೆ ಎಂದು ತಿಳಿದು, ಅದನ್ನು ಶಿಷ್ಯೆಯ ಮುಂದೆ ಹೇಳುವ ಗುರು ಸಿಗುವುದು ಪುಣ್ಯ.

ಶಸ್ತ್ರಚಿಕಿತ್ಸೆಗೆ ಹಣ ಸೇರಿಸಿದ್ದು ಊರು. ಯುವಕ ಮಂಡಲದವರು, ಶಾಲೆಯ ಹಳೆ ವಿದ್ಯಾರ್ಥಿಗಳು, ಬೀಡಿ ಕಟ್ಟುವ ಅಕ್ಕಂದಿರು. ಯಾರು ಎಷ್ಟು ಕೊಟ್ಟರು ಎಂದು ಅಮ್ಮ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅದರಲ್ಲಿ ಅತಿ ಸಣ್ಣ ಮೊತ್ತ ಇಪ್ಪತ್ತು ರೂಪಾಯಿ, ಮೂರನೆಯ ತರಗತಿಯ ಹುಡುಗಿಯದು.

ಜನವರಿಯಲ್ಲಿ ತೊಡೆಯ ಹಿಂಭಾಗದಿಂದ ತಂತು ತೆಗೆದು ಹೊಸ ಅಸ್ಥಿರಜ್ಜು ಕಟ್ಟಿದರು. ಒಂಬತ್ತು ತಿಂಗಳು ಹಾರುವ ಮಾತೇ ಇಲ್ಲ ಎಂದರು ವೈದ್ಯರು. ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಬಸ್ಸಿನಲ್ಲಿ ಮಂಗಳೂರಿಗೆ ಹೋಗುತ್ತಿದ್ದೆ. ಕಾಲು ಚಾಚಲು ಆಗಲೆಂದು ಮುಂದಿನ ಸೀಟನ್ನು ನನಗಾಗಿ ಇಟ್ಟುಕೊಳ್ಳುತ್ತಿದ್ದ ಕಂಡಕ್ಟರ್ ಅಣ್ಣನಿಗೆ ವಂದನೆಗಳು. ಮಾರ್ಚ್ ಕೊನೆಗೆ ಕೊರೊನಾ ಬಂದು ರಾಜ್ಯದ ಗಡಿಯಾದ ತಲಪಾಡಿಯಲ್ಲಿ ದಾರಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ ನಮ್ಮ ಜಿಲ್ಲೆಯವರಿಗೆ ಆ ದಿನಗಳು ಹೇಗಿದ್ದವು ಎಂದು ನೋಡಿದವರಿಗೇ ಗೊತ್ತು. ಗಡಿ ದಾಟಲಾಗದೆ ಜೀವ ಕಳೆದುಕೊಂಡವರಿದ್ದರು. ಅವರ ಮುಂದೆ ನನ್ನ ಮೊಣಕಾಲು ಏನೂ ಅಲ್ಲ. ಆದರೆ ಕಟ್ಟಿದ ತಂತು ಅತ್ಯಂತ ದುರ್ಬಲವಾಗಿರುವುದೂ ಅದೇ ತಿಂಗಳುಗಳಲ್ಲಿ, ತಪ್ಪು ವ್ಯಾಯಾಮ ಮಾಡಿದರೂ ಕೆಟ್ಟೀತು, ವ್ಯಾಯಾಮ ಮಾಡದಿದ್ದರೂ ಕೆಟ್ಟೀತು.

ಆಗ ಫಿಸಿಯೋಥೆರಪಿಸ್ಟ್ ಮೇಡಂ, ತಮ್ಮ ಮನೆಯಲ್ಲಿ ಎರಡು ವರ್ಷದ ಮಗುವನ್ನು ಸೊಂಟದಲ್ಲಿಟ್ಟುಕೊಂಡು, ದಿನವೂ ಸಂಜೆ ವಿಡಿಯೋ ಕರೆ ಮಾಡಿದರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ನಮ್ಮ ಅಂಗಳದಲ್ಲಿ ಸಿಗ್ನಲ್ ಸಿಗುವುದು ತೆಂಗಿನ ಮರದ ಬುಡದಲ್ಲಿ ಮಾತ್ರ. ಅಪ್ಪ ಅಲ್ಲಿ ಮೊಬೈಲ್ ಹಿಡಿದು ನಿಲ್ಲುತ್ತಿದ್ದರು. ತೋಡಿನ ಆಚೆಯಿಂದ ಗುರುಕ್ಕಳ್ ನಡೆದು ಬಂದು, ಮುಖಕ್ಕೆ ತೋರ್ತು, ಎಂದರೆ ತೆಳು ಟವೆಲ್, ಕಟ್ಟಿಕೊಂಡು, ಬೇಲಿಯ ಹೊರಗೆ ನಿಲ್ಲುತ್ತಿದ್ದರು. ಮೇಡಂ ಫೋನಿನೊಳಗಿನಿಂದ ಕನ್ನಡದಲ್ಲಿ ಎಣಿಸುವುದನ್ನು ಕೇಳಿ, ಮೂರನೆಯ ದಿನ ಅವರು ಅದಕ್ಕೊಂದು ವಾಯ್ತಾರಿ ಕಟ್ಟಿದರು. ಅಮರ್ನ್ನು, ನಿವರ್ನ್ನು, ಅಮರ್ನ್ನು, ನಿವರ್ನ್ನು. ತಗ್ಗು, ನಿಮಿರು. ಗಡಿಯಾಚೆಯ ಕನ್ನಡ, ಬೇಲಿಯಾಚೆಯ ಮಲಯಾಳ, ನಡುವೆ ನನ್ನ ಕಾಲು. ಆ ಸಂಜೆಗಳಿಗೆ ಹೇಗೆ ಕೃತಜ್ಞತೆ ಹೇಳಬೇಕೋ ನನಗೆ ತಿಳಿಯದು.

ಮರುವರ್ಷ ಕೆಲಸಕ್ಕೆ ಮರಳಿದೆ. ಮೊದಲು ಡ್ಯೂಪ್ ಆಗಿಯೇ, ಆಮೇಲೆ ಎರಡು ಸಿನಿಮಾಗಳಲ್ಲಿ ಮಾತಿಲ್ಲದ ಖಳ ಪಾತ್ರ, ಈಗ ಇದು. ಸಾಹಸ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಬಂದು, ‘ಕೆ.ಜಿ.ಎಫ್.’, ‘ಅವನೇ ಶ್ರೀಮನ್ನಾರಾಯಣ’ದಂಥ ಕನ್ನಡ ಚಿತ್ರಗಳು ಅದನ್ನು ಗೆದ್ದಿವೆ. 2027ರ ಚಿತ್ರಗಳಿಂದ ಆಸ್ಕರ್‌ನಲ್ಲೂ ಸಾಹಸಕ್ಕೆ ಪ್ರಶಸ್ತಿ ಇರಲಿದೆ. ಸಂತೋಷವೇ. ಆದರೆ ಪ್ರಶಸ್ತಿಗಿಂತ ಮೊದಲು ಪ್ರತಿ ಸೆಟ್ಟಿನಲ್ಲೂ ಸಂದಿಲ್ಲದ ಮ್ಯಾಟ್, ಪ್ರತಿ ಫೈಟರ್‌ಗೂ ವಿಮೆ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಶುಕ್ರವಾರ ತೆರೆಯ ಮೇಲೆ ನನ್ನ ಮುಖ ದೊಡ್ಡದಾಗಿ ಬಂದಾಗ ಊರಿನವರು ಶಿಳ್ಳೆ ಹಾಕಿದರು. ಅಮ್ಮ ಸುಮ್ಮನಿದ್ದರು. ಕೊನೆಯ ಹೋರಾಟದಲ್ಲಿ ನಾನು ಮಾಡಿನಿಂದ ಹಾರಿ ಇಳಿದಾಗ ಮಾತ್ರ ನನ್ನ ಕೈ ಹಿಡಿದು, “ಬೆರಳೇ ಮೊದಲು” ಎಂದರು.

ಅಮ್ಮನ ಪುಸ್ತಕ ಹಿಡಿದು ಮನೆಮನೆಗೆ ಹಣ ಹಿಂದಿರುಗಿಸಲು ಹೋದೆ. ಯಾರೂ ತೆಗೆದುಕೊಳ್ಳಲಿಲ್ಲ. ಆ ಮೊತ್ತಕ್ಕೆ ನನ್ನದನ್ನೂ ಸೇರಿಸಿ ನಮ್ಮ ಕನ್ನಡ ಶಾಲೆಗೆ ಇಪ್ಪತ್ತು ಮ್ಯಾಟ್ ತರಿಸಿದ್ದೇನೆ. ಭಾನುವಾರಗಳಂದು ಗುರುಕ್ಕಳ್ ಬರಲು ಒಪ್ಪಿದ್ದಾರೆ, ಹದಿನಾಲ್ಕು ಹುಡುಗಿಯರು ಹೆಸರು ಕೊಟ್ಟಿದ್ದಾರೆ. ಇಪ್ಪತ್ತು ರೂಪಾಯಿ ಕೊಟ್ಟಿದ್ದ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ, ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ಲಾರಿಯಿಂದ ಮ್ಯಾಟ್‌ಗಳನ್ನು ಇಳಿಸಿದ ರಾತ್ರಿ ಅಪ್ಪ ಹೊಲಿಗೆ ಯಂತ್ರವನ್ನು ಶಾಲೆಯ ಜಗಲಿಗೆ ತರಿಸಿಕೊಂಡರು. ದಪ್ಪ ಕ್ಯಾನ್ವಾಸಿನ ಪಟ್ಟಿ ಕತ್ತರಿಸಿ, ಒಂದಕ್ಕೊಂದು ಕೂಡುವ ಅಂಚುಗಳ ಮೇಲೆಲ್ಲ ಇಟ್ಟು, ಬೆಳಗಾಗುವವರೆಗೆ ಹೊಲಿದರು. ಈಗ ಅವುಗಳ ನಡುವೆ ಒಂದು ಬೆರಳು ಕೂಡ ಹೋಗುವುದಿಲ್ಲ.