ಮಲ್ಲು, ಆ ಹುಡುಗನ ತಲೆಯ ಬಗ್ಗೆ

ತಮ್ಮಾ ಮಲ್ಲು,

ನಿನ್ನ ಕಾಗದದ ಬಾಕಿ ಸುದ್ದಿಗೆಲ್ಲ ಆಮೇಲೆ ಬರೆಯುತ್ತೇನೆ. ಕೊನೆಗೆ ಎರಡು ಸಾಲು ಬರೆದಿದ್ದೀಯಲ್ಲ, ಅದು ನನ್ನನ್ನು ಸುಮ್ಮನೆ ಕೂರಲು ಬಿಡುತ್ತಿಲ್ಲ. ಶಾಲೆ ಹುಡುಗನ ತಲೆಯಲ್ಲಿ ರೂಪಾಯಿ ಅಗಲ ಕೂದಲಿರಲಿಲ್ಲ, ಮಷಿನ್ ಹೊಡೆದು ಮುಗಿಸಿದ ಮೇಲೆ ಕಣ್ಣಿಗೆ ಬಿತ್ತು, ಅಷ್ಟರಲ್ಲಿ ಮುಂದಿನ ಗಿರಾಕಿ ಕುರ್ಚಿಯಲ್ಲಿ ಕೂತಾಗಿತ್ತು, ಅದೇ ಮಷಿನ್ ಅವರಿಗೂ ಹೊಡೆದೆ, ಈಗ ರಾತ್ರಿ ನಿದ್ದೆ ಬರುತ್ತಿಲ್ಲ ಅಂತ.

ಆ ಜಾಗ ಹೇಗಿತ್ತು ಅಂತ ಮಾತ್ರ ನೀನು ಬರೆದಿಲ್ಲ. ನುಣ್ಣಗಿತ್ತೋ, ಹೊಟ್ಟು ಹೊಟ್ಟಾಗಿತ್ತೋ? ಎಲ್ಲಾ ಅದರ ಮೇಲೇ ನಿಂತಿದೆ. ಕೂದಲು ಪೂರಾ ಉದುರಿ ಚರ್ಮ ನುಣ್ಣಗೆ ಹೊಳೆಯುತ್ತಿದ್ದರೆ, ತುರಿಕೆ ಇಲ್ಲ, ಹೊಟ್ಟಿಲ್ಲ, ಅಂಚಿನಲ್ಲಿ ಬುಡಕ್ಕೆ ಸಣ್ಣಗಾಗಿ ತುದಿಗೆ ದಪ್ಪ ಇರುವ ಮೋಟು ಕೂದಲು ಒಂದೊಂದು ಕಂಡರೆ, ಅದು ನಮ್ಮ ಕಡೆ ಹುಳ ತಿಂದಿದೆ ಅನ್ನುತ್ತಾರಲ್ಲ, ಅದು. ಅಲ್ಲಿ ಯಾವ ಹುಳವೂ ಇಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ಕೂದಲ ಬುಡದ ಮೇಲೆ ಬಿದ್ದಿರುತ್ತದೆ. ಗಡ್ಡದಲ್ಲೂ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಎಷ್ಟೋ ಜನರಿಗೆ ತಾನಾಗಿ ಮತ್ತೆ ಚಿಗುರುತ್ತದೆ, ಮೊದಲು ಬೆಳ್ಳಗೆ ಬಂದು ಆಮೇಲೆ ಕಪ್ಪಾಗುತ್ತದೆ. ಹಾಗಿದ್ದರೆ ನಿನ್ನ ಮಷಿನ್‌ನಿಂದ ಯಾರಿಗೂ ಏನೂ ಆಗಿಲ್ಲ, ಮಲಗಪ್ಪಾ.

ಹೊಟ್ಟೇಳುತ್ತಿದ್ದರೆ, ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕಿ ಇಟ್ಟಂತೆ ಕಂಡರೆ, ಹುಡುಗ ಕೆರೆದುಕೊಳ್ಳುತ್ತಿದ್ದರೆ, ಕತ್ತಿನ ಹಿಂದೆ ಗಡ್ಡೆ ಕೈಗೆ ಸಿಕ್ಕರೆ, ಅದು ಹುಳುಕಡ್ಡಿ ಇರಬಹುದು. ಬೂಷ್ಟಿನ ಜಾತಿಯದ್ದು, ಮಕ್ಕಳ ತಲೆಗೇ ಜಾಸ್ತಿ. ಇದು ಹಣಿಗೆ, ಟೋಪಿ, ಟವೆಲ್, ನಮ್ಮ ಮಷಿನ್, ಎಲ್ಲದರಿಂದಲೂ ದಾಟುತ್ತದೆ. ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡುವುದಿಲ್ಲ. ಆದರೆ ಇದನ್ನೂ ಕೇಳು, ದೊಡ್ಡವರ ತಲೆಗೆ ಅದು ಹತ್ತುವುದು ಬಹಳ ಕಡಿಮೆ. ಆಮೇಲೆ ಕೂತವರು ಮಕ್ಕಳೋ ದೊಡ್ಡವರೋ ಅಂತ ನೀನು ಅದನ್ನೂ ಬರೆದಿಲ್ಲ ನೋಡು.

ನಿನ್ನ ಭಯಕ್ಕೆ ನಾನು ಬಯ್ಯುವುದಿಲ್ಲ. ಭಯವಿಲ್ಲದವರ ಕೈಗೆ ತಲೆ ಕೊಡಬಾರದು. ಆದರೆ ಭಯಪಟ್ಟು ಕಣ್ಣು ಬೇರೆ ಕಡೆ ತಿರುಗಿಸುವುದಿದೆಯಲ್ಲ, ಅದು ನಿನ್ನ ಮುತ್ಯಾನ ಕಾಲದಿಂದ ನಮ್ಮ ಅಂಗಡಿಯಲ್ಲಿ ನೋಡಿದ್ದೇನೆ. ಅಕ್ಕಿ ಮಿಲ್ಲಿನ ಹಮಾಲರೊಬ್ಬರು ಬರುತ್ತಿದ್ದರು. ತಲೆ ತುಂಬ ದಪ್ಪನೆಯ ಬೆಳ್ಳಿ ಬಣ್ಣದ ಪೊರೆ, ಹಣೆಯ ಕೂದಲ ಗೆರೆ ದಾಟಿ ಇಳಿದಿತ್ತು, ಕಿವಿ ಹಿಂದೆ ಇತ್ತು, ಮೊಣಕೈಗೂ ಇತ್ತು. ಕುರ್ಚಿಯಲ್ಲಿ ಕೂತು ತಲೆ ಮೇಲಿನ ವಸ್ತ್ರ ಬಿಚ್ಚಿದರು. ಮುತ್ಯಾ ಕತ್ತರಿ ಕೆಳಗಿಟ್ಟು "ಇವತ್ತು ಆಗಲ್ಲಪ್ಪಾ, ಬೇರೆ ಕಡೆ ನೋಡು" ಅಂದರು. ಅಂಗಡಿ ತುಂಬ ಜನ. ಹಡಪದ ಅಪ್ಪಣ್ಣನ ಫೋಟೋ ಕೆಳಗೇ ನಡೆದದ್ದು ಇದು. ಅವರು ಮಾತಾಡದೆ ವಸ್ತ್ರ ಮತ್ತೆ ಸುತ್ತಿಕೊಂಡು ಎದ್ದರು. ನಾನಾಗ ನೆಲದ ಕೂದಲು ಗುಡಿಸುವ ಹುಡುಗ. ಅದು ಸೋರಿಯಾಸಿಸ್, ಮುಟ್ಟಿದರೂ ಅಂಟುವುದಿಲ್ಲ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಷ್ಟರಲ್ಲಿ ಮುತ್ಯಾನೂ ಇರಲಿಲ್ಲ, ಅವರೂ ಊರು ಬಿಟ್ಟಿದ್ದರು. ಮುತ್ಯಾ ಕೆಟ್ಟವರಲ್ಲ, ನಿನಗೆ ಗೊತ್ತು. ಅವರಿಗೂ ನಿನ್ನದೇ ಭಯ, ಮುಂದಿನ ಗಿರಾಕಿಗೆ ಹತ್ತಿದರೆ ಅಂತ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೇ ಹೇಳುವುದು, ಮೊದಲು ನೋಡು. ಕೂದಲಿಗೆ ನೀರು ಹಾಕುವ ಮುಂಚೆ, ಒಣಗಿದ್ದಾಗಲೇ, ಬೆಳಕಿನ ಕಡೆ ತಲೆ ತಿರುಗಿಸಿ ಎರಡು ಕಡೆ ಕೂದಲು ಬಿಡಿಸಿ ನೋಡು. ಯಾರಿಗೂ ಗೊತ್ತಾಗುವುದಿಲ್ಲ, ಕಟಿಂಗ್‌ಗೆ ನೋಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಬೆರಳಿಂದ ಉಜ್ಜಿದರೆ ಉದುರುವುದು ಹೊಟ್ಟು, ಕೂದಲಿಗೆ ಅಂಟಿಕೊಂಡು ಜಾರದೇ ಇದ್ದರೆ ಸೀರು. ಎಣ್ಣೆ ಎಣ್ಣೆಯಾದ ಹಳದಿ ಹೊಟ್ಟು ಹುಬ್ಬಿಗೂ ಮೂಗಿನ ಪಕ್ಕಕ್ಕೂ ಇದ್ದರೆ ಅದೂ ಅಂಟುವ ರೋಗವಲ್ಲ, ಕಿಟೊಕೊನಜೋಲ್ ಶಾಂಪೂ ವಾರಕ್ಕೆ 2 ಸಲ ಹಚ್ಚಿ ಐದು ನಿಮಿಷ ಬಿಟ್ಟು ತೊಳೆದರೆ ಬಹಳ ಜನರಿಗೆ ಇಳಿಯುತ್ತದೆ. ಹಿಂಗತ್ತಿನಲ್ಲಿ ಗಟ್ಟಿ ಗುಳ್ಳೆ ಇದ್ದವರಿಗೆ ಮಾತ್ರ ಬ್ಲೇಡು ಹಾಕಬೇಡ, ಅವರೇ ಕೇಳಿದರೂ ಬೇಡ. ಇಷ್ಟೆಲ್ಲಾ ಹೇಳಲು ನಾನೇನು ಡಾಕ್ಟರಲ್ಲ. ಕುರ್ಚಿ ಹಿಂದೆ ನಿಂತು ಕಂಡದ್ದು, ಚರ್ಮದ ಡಾಕ್ಟರನ್ನು ಕೇಳಿ ಕೇಳಿ ತಿಳಿದದ್ದು, ಅಷ್ಟೇ.

ಮತ್ತೆ ಆ ಹುಡುಗನಿಗೇ ಬರುತ್ತೇನೆ. ಅವರ ಮನೆಯವರಿಗೆ ಹೇಳಬೇಕು. ಹೇಳಿದರೆ ಅಂಗಡಿ ಹೆಸರು ಕೆಡುತ್ತದೆ ಅಂತ ನೀನು ಬರೆದಿಲ್ಲ, ಆದರೆ ಕಾಗದದ ಸಾಲುಗಳ ನಡುವೆ ಅದು ಇದೆ, ನನಗೆ ಕಂಡಿತು. ಇರಲಿ. ಅವರಪ್ಪನನ್ನು ಗಿರಾಕಿಗಳ ಮುಂದೆ ನಿಲ್ಲಿಸಿ ಹೇಳಬೇಡ. ಹೊರಗೆ ಕರೆದು, ರೋಗದ ಹೆಸರು ಎತ್ತದೆ, "ಅಣ್ಣಾ, ಮಗನ ತಲೆಯಲ್ಲಿ ಇಲ್ಲಿ ಕೂದಲು ಹೋಗಿದೆ, ಒಂದು ಸಲ ತೋರಿಸಿ" ಅನ್ನು. ರಾಯಚೂರಿನಲ್ಲೇ ಇದ್ದೀಯ, ಸರ್ಕಾರಿ ದೊಡ್ಡಾಸ್ಪತ್ರೆ ರಿಮ್ಸ್‌ಗೆ ಹೋಗಿ ಅನ್ನು. ಔಷಧಿ ಅಂಗಡಿಯ ಮುಲಾಮು ಹಚ್ಚಿ ಸುಮ್ಮನಾಗುವುದು ಬೇಡ. ಹುಳುಕಡ್ಡಿ ಕೂದಲಿನ ಒಳಕ್ಕೆ ಇಳಿದಿರುತ್ತದೆ, ಮೇಲಿನ ಮುಲಾಮು ಅಲ್ಲಿಗೆ ಮುಟ್ಟುವುದಿಲ್ಲ, ಕೆಲವು ವಾರ ಮಾತ್ರೆ ನುಂಗಲೇಬೇಕು. ಹಾಗೇ ಬಿಟ್ಟರೆ ಕೆಲವು ಮಕ್ಕಳಿಗೆ ಅಲ್ಲಿ ಊದಿ, ಕೀವು ತುಂಬಿ, ಆಮೇಲೆ ಕೂದಲೇ ಬರದ ಹಾಗೆ ಕಲೆ ನಿಲ್ಲುತ್ತದೆ. ಮನೆಯಲ್ಲಿ ತಮ್ಮ ತಂಗಿಯರಿದ್ದರೆ ಅವರ ತಲೆಯನ್ನೂ ನೋಡಲಿ. ಈರುಳ್ಳಿ ಉಜ್ಜುವುದು, ಸೀಮೆಎಣ್ಣೆ ಹಾಕುವುದು ಮಾಡಿಸಬೇಡ ಅಂತ ಅವರ ತಾಯಿಗೂ ತಿಳಿಸು.

ಅವರು ಸಿಟ್ಟಾಗಬಹುದು. ಆಗಲಿ ಬಿಡು. ಒಬ್ಬರಿಗೆ ಕಿವಿ ಹತ್ತಿರ ತೆಳುಬಿಳಿ ಮಚ್ಚೆ ಇತ್ತು, ಅಲ್ಲಿ ಬ್ರಷ್ ಆಡಿಸಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಹೇಳಿದ್ದಕ್ಕೆ ಬಯ್ದು ಹೋದರು, ತಿಂಗಳುಗಟ್ಟಲೆ ಬರಲಿಲ್ಲ. ಅಂಥ ಮಚ್ಚೆ ಕುಷ್ಠದ ಗುರುತಿರಬಹುದು. ಸರ್ಕಾರಿ ದವಾಖಾನೆಯಲ್ಲಿ ಅದಕ್ಕೆ ಮಾತ್ರೆ ಪುಕ್ಕಟೆ ಕೊಡುತ್ತಾರೆ, ವಾಸಿಯೂ ಆಗುತ್ತದೆ. ಆಮೇಲೆ ಅವರೇ ಬಂದು ಅದೇ ಕುರ್ಚಿಯಲ್ಲಿ ಕೂತರು. ನಾನೂ ಏನೂ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ.

ಮಷಿನ್ ಬಗ್ಗೆ ಹೇಳುವುದು ಮರೆಯುತ್ತಿದ್ದೆ. ಬ್ಲೇಡು ಬದಲಿಸುತ್ತೀಯ, ಅದು ನನಗೆ ಗೊತ್ತು. ಮಷಿನ್‌ನ ಹಲ್ಲು ಯಾರೂ ನೋಡುವುದಿಲ್ಲ. ಬಿಚ್ಚಿ, ಬ್ರಷ್‌ನಿಂದ ಕೂದಲು ತೆಗೆದು, ಆಮೇಲೆ 70% ಸ್ಪಿರಿಟ್ ಹಚ್ಚಿ ಒಣಗಲು ಬಿಡು. ಕೂದಲು ತುಂಬಿದ ಹಲ್ಲಿಗೆ ಸ್ಪಿರಿಟ್ ಸುರಿದರೆ ಒಳಗೆ ಇಳಿಯುವುದಿಲ್ಲ. ಹಣಿಗೆಯನ್ನು ಮೊದಲು ಸೋಪಿನಲ್ಲಿ ತೊಳೆದು ಆಮೇಲೆ ಔಷಧಿ ನೀರಿಗೆ ಹಾಕು. ಪಟಿಕದ ಕಲ್ಲು ಉಜ್ಜಿದರೆ ಎಲ್ಲಾ ಸತ್ತುಹೋಗುತ್ತದೆ ಅಂತ ನಂಬಬೇಡ, ಅದು ರಕ್ತ ನಿಲ್ಲಿಸಲು ಸರಿ. ಎರಡನೇ ಮಷಿನ್ ಒಂದು ತಗೋ, ಒಂದು ಒಣಗುವಾಗ ಇನ್ನೊಂದು ಕೈಗೆ ಸಿಗಲಿ. ದುಡ್ಡಿಗೆ ತೊಂದರೆ ಇದ್ದರೆ ನಾನು ಕಳಿಸುತ್ತೇನೆ, ನಿನ್ನಪ್ಪನಿಗೆ ಹೇಳುವುದು ಬೇಡ.

ಆ ದಿನ ಆಮೇಲೆ ಕೂತವರು ಯಾರ್ಯಾರು ಅಂತ ನೆನಪು ಮಾಡಿಕೋ. ಮಕ್ಕಳಿದ್ದರೆ ಮುಂದಿನ ಸಲ ಬಂದಾಗ ತಲೆ ನೋಡು. ಹತ್ತಿದ್ದರೂ ತಕ್ಷಣ ಕಾಣುವುದಿಲ್ಲ, ಒಂದೆರಡು ವಾರವಾದರೂ ಬೇಕು. ದೊಡ್ಡವರಾದರೆ ಕತ್ತಿನ ಮೇಲೆ ಉಂಗುರದಂತೆ ಎದ್ದಿದೆಯಾ ನೋಡು. ಏನೂ ಕಾಣದಿದ್ದರೆ ಅಲ್ಲಿಗೆ ಬಿಡು.

ಮಂಗಳವಾರ ಹೇಗೂ ಅಂಗಡಿ ಬಂದ್. ಅವತ್ತೇ ಅವರ ಮನೆಗೆ ಹೋಗು. ಡಾಕ್ಟರ್ ಏನಂದರು ಅಂತ ರಾತ್ರಿ ಎಷ್ಟು ಹೊತ್ತಾದರೂ ಸರಿ, ನನಗೆ ಫೋನ್ ಮಾಡು.

ನಿನ್ನ ದೊಡ್ಡಪ್ಪ
ಗಂಗಾವತಿ